ಮನೆಯಂಗಳದಲ್ಲಿ ಬಿಚ್ಚಿ ಕಟ್ಟಿದ 1995ರ ಟಾಟಾ 407: ಎರಡು ಮಾವಿನ ಸೀಸನ್ ಓಡಿಸಿದ ಮೇಲೆ

ಹಳೇ ಗೂಡ್ಸ್ ಗಾಡಿಯೊಂದನ್ನು ಮನೆಯಲ್ಲೇ ಪೂರ್ತಿ ಬಿಚ್ಚಿ ಮತ್ತೆ ಕಟ್ಟಬೇಕು ಅನ್ನುವ ಆಸೆ ಇದ್ದವರಿಗೆ ನಾನು ಹೇಳುವ ಹೆಸರು ಒಂದೇ, ಟಾಟಾ 407. ಅದೂ ಎಲೆಕ್ಟ್ರಾನಿಕ್ ಡೀಸೆಲ್ ಪಂಪು, ಸೆನ್ಸರು ಇವೆಲ್ಲ ಬರುವ ಮುಂಚಿನ ಗಾಡಿ. ಅದರಲ್ಲಿ ಕಣ್ಣಿಗೆ ಕಾಣದ್ದು ಏನೂ ಇಲ್ಲ. ಕೆಟ್ಟಿದ್ದು ಏನು ಅಂತ ಕೈಯಲ್ಲಿ ಮುಟ್ಟಿ, ಅಳೆದು ತಿಳಿದುಕೊಳ್ಳಬಹುದು. ಹೊಸ ಗಾಡಿಗಳಲ್ಲಿ ಲ್ಯಾಪ್‌ಟಾಪ್ ಚುಚ್ಚದೆ ಕೆಲಸ ಶುರುವಾಗಲ್ಲ.

ನಾನು ಕೆಜಿಎಫ್‌ನ ಬೆಮೆಲ್ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತನಾದವನು. ಈಗ ಶ್ರೀನಿವಾಸಪುರದ ಹತ್ತಿರ ಅಣ್ಣನ ಜೊತೆ ಮಾವಿನ ತೋಟ ನೋಡಿಕೊಳ್ಳುತ್ತೇನೆ. ಗಾಡಿ ಅಣ್ಣನದು, ಕೆಎ 07 ನಂಬರಿನದು. ವರ್ಷಗಟ್ಟಲೆ ತೋತಾಪುರಿ, ಟೊಮೆಟೊ, ಹುಣಸೆಹಣ್ಣು ಹೊತ್ತು, ಆಮೇಲೆ ಹೊಗೆ ಕಕ್ಕುತ್ತಾ ನಿಂತೇ ಹೋಗಿತ್ತು. ಗುಜರಿಯವನು ಬಂದು ತೂಕದ ಲೆಕ್ಕದಲ್ಲಿ ರೇಟು ಹೇಳಿದ. ಅಣ್ಣನ ಮಗ ನನ್ನ ಹತ್ತಿರ ಬಂದು "ಚಿಕ್ಕಪ್ಪ, ನೀವು ಒಂದು ಸಲ ನೋಡಿ, ಆಮೇಲೆ ಕೊಡೋಣ" ಅಂದ. ನೋಡಿದೆ. ಚಾಸಿ, ಅಂದರೆ ಗಾಡಿಯ ಕೆಳಗಿನ ಕಬ್ಬಿಣದ ಚೌಕಟ್ಟು, ನೆಟ್ಟಗಿತ್ತು. ಅದು ನೆಟ್ಟಗಿದ್ದರೆ ಉಳಿದಿದ್ದೆಲ್ಲ ಮಾಡಬಹುದಾದ ಕೆಲಸವೇ.

ಮೊದಲು ಪಾರ್ಟ್ಸ್ ಮಾತು ಹೇಳಿಬಿಡುತ್ತೇನೆ, ಯಾಕಂದರೆ ಹಳೇ ಗಾಡಿ ಕಟ್ಟುವವರು ಸೋಲುವುದೇ ಅಲ್ಲಿ. 407 ಬಂದಿದ್ದು 1986ರಲ್ಲಿ. ಆಗ ಕಂಪನಿಯ ಹೆಸರು ಟೆಲ್ಕೋ. ಅದೇ ಕಾಲಕ್ಕೆ ಜಪಾನಿನವರ ಜೊತೆ ಸೇರಿ ಬಂದ ಲಾರಿಗಳು ನಾಲ್ಕಿದ್ದವು: ಡಿಸಿಎಂ ಟೊಯೋಟಾ, ಆಲ್ವಿನ್ ನಿಸಾನ್, ಸ್ವರಾಜ್ ಮಜ್ದಾ, ಐಷರ್ ಮಿತ್ಸುಬಿಷಿ. ಒಳ್ಳೆಯ ಗಾಡಿಗಳೇ. ಆದರೆ ಇವತ್ತು ಒಂದು ಆಲ್ವಿನ್ ನಿಸಾನ್ ಕಟ್ಟುತ್ತೇನೆ ಅಂತ ಕೂತರೆ ಒಂದು ಬ್ರೇಕ್ ಸಿಲಿಂಡರಿಗೆ ಊರೂರು ಅಲೆಯಬೇಕು. 407ಗೆ ಆ ಕಷ್ಟ ಇಲ್ಲ. ಚಿಂತಾಮಣಿ, ಮುಳಬಾಗಿಲು, ಕೋಲಾರ ಎಲ್ಲ ಕಡೆ ಸಾಮಾನು ಇದೆ. ಸಿಗದೆ ಹೋದರೆ ಬೆಂಗಳೂರಿನ ಜೆ.ಸಿ. ರಸ್ತೆ ಇದೆ. ಟೌನ್ ಹಾಲ್‌ನಿಂದ ಮಿನರ್ವ ಸರ್ಕಲ್ ಕಡೆ ನಡೆಯುತ್ತಾ ಹೋದರೆ ಸಾಕು, ಅಂಗಡಿಯ ಮೇಲೆ ಅಂಗಡಿ. ಲಾರಿ ಬಾಡಿಯ ಹಿಂಜ್, ಕೊಂಡಿ, ಸರಪಳಿಗೆ ಪಕ್ಕದ ಕಲಾಸಿಪಾಳ್ಯ.

ಹಾಗಂತ ಸಿಕ್ಕಿದ್ದೆಲ್ಲ ಒಳ್ಳೆಯದಲ್ಲ. 407 ಪಾರ್ಟ್ಸ್ ಎಷ್ಟು ಸಲೀಸಾಗಿ ಸಿಗುತ್ತೋ, ನಕಲಿಯೂ ಅಷ್ಟೇ ಸಲೀಸಾಗಿ ಸಿಗುತ್ತೆ. ಒಂದು ಅಂಗಡಿಯಲ್ಲಿ ಒಳ್ಳೆ ಕಂಪನಿಯ ಡಬ್ಬಿಯಲ್ಲಿ ಕೊಟ್ಟ ಮೇನ್ ಬೇರಿಂಗ್ ಶೆಲ್‌ಗಳನ್ನು (ಎಂಜಿನ್ನಿನ ಕ್ರ್ಯಾಂಕ್ ದಂಡ ತಿರುಗುವ ಜಾಗದ ಅರ್ಧಚಂದ್ರ ತಗಡುಗಳು) ಮನೆಗೆ ತಂದು ಮೈಕ್ರೋಮೀಟರ್ ಹಿಡಿದರೆ ಒಂದೊಂದೂ ಒಂದೊಂದು ದಪ್ಪ. ವಾಪಸ್ ಕೊಡಲು ಹೋದರೆ "ಎಲ್ಲರೂ ಇದೇ ಹಾಕ್ತಾರೆ ಸಾರ್" ಅಂದ. ಎಲ್ಲರೂ ಹಾಕಿದರೆ ಎಲ್ಲರ ಎಂಜಿನ್ನೂ ಹೋಗುತ್ತೆ, ಅಷ್ಟೇ ಅಲ್ವಾ? ದುಡ್ಡು ವಾಪಸ್ ಬರಲಿಲ್ಲ. ಬೇರಿಂಗ್, ಪಿಸ್ಟನ್ ರಿಂಗ್, ಆಯಿಲ್ ಪಂಪ್, ಬ್ರೇಕಿನ ರಬ್ಬರ್, ಇಷ್ಟನ್ನು ಮಾತ್ರ ಕಂಪನಿಯ ಅಧಿಕೃತ ಡೀಲರ್ ಹತ್ತಿರವೇ ಬಿಲ್ ಹಾಕಿಸಿ ತನ್ನಿ. ಬಾಗಿಲ ಹ್ಯಾಂಡಲ್, ಗ್ಲಾಸ್ ರಬ್ಬರ್, ಲೈಟಿನ ಡೂಮ್ ಎಲ್ಲಿ ತಂದರೂ ನಡೆಯುತ್ತೆ.

ಎಂಜಿನ್ ವಿಚಾರಕ್ಕೆ ಬರುತ್ತೇನೆ. ನನ್ನ ಮಟ್ಟಿಗೆ ಈ ಗಾಡಿಯ ಬೆಲೆ ಇರುವುದೇ ಅಲ್ಲಿ. 497 ಅಂತ ಕರೆಯುವ ಈ ಎಂಜಿನ್‌ಗೆ 4 ಸಿಲಿಂಡರ್. ಬೋರ್ (ಸಿಲಿಂಡರಿನ ಒಳ ಅಗಲ) 97 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 100 ಮಿ.ಮೀ. ಒಟ್ಟು 2956 ಸಿಸಿ. ನಮ್ಮದರಲ್ಲಿ ಗಾಳಿ ಒತ್ತಿ ತುಂಬುವ ಟರ್ಬೋ ಇಲ್ಲ. ಮುಂದಿನ ಗ್ರಿಲ್, ರೇಡಿಯೇಟರ್ ಬಿಚ್ಚಿ, ಮೌಂಟಿಂಗ್ ಬೋಲ್ಟ್ ತೆಗೆದರೆ ಎಂಜಿನ್ನು ಮುಂದಕ್ಕೆ ಬರುತ್ತೆ. ನಾನು ದಪ್ಪ ಜಿಐ ಪೈಪುಗಳಲ್ಲಿ ಮುಕ್ಕಾಲಿ ಮಾಡಿಸಿ, ಅದಕ್ಕೆ ಒಂದು ಟನ್ನಿನ ಚೈನ್ ಬ್ಲಾಕ್ ಹಾಕಿ ಎತ್ತಿದೆ. ಮರದ ಕೊಂಬೆಗೆ ಚೈನ್ ಕಟ್ಟುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಕೊಂಬೆ ಮುರಿಯುವ ಮುಂಚೆ ಹೇಳಿ ಮುರಿಯಲ್ಲ, ಕೆಳಗೆ ಯಾರದೋ ಮಗ ನಿಂತಿರುತ್ತಾನೆ.

ಬಿಚ್ಚಿದ ಮೇಲೆ ಅಳತೆ. ಇಲ್ಲಿ ಅವಸರ ಮಾಡಬಾರದು. ಲೈನರ್, ಅಂದರೆ ಪಿಸ್ಟನ್ ಓಡಾಡುವ ಕೊಳವೆ, ಸವೆಯುವುದು ಎಲ್ಲ ಕಡೆ ಒಂದೇ ಸಮ ಅಲ್ಲ. ಪಿಸ್ಟನ್ ಮೇಲೆ ಹೋಗಿ ತಿರುಗುವ ಜಾಗದಲ್ಲಿ, ಅಂದರೆ ಮೊದಲನೇ ರಿಂಗ್ ನಿಲ್ಲುವ ಕಡೆ, ಜಾಸ್ತಿ ಸವೆಯುತ್ತೆ. ಅಲ್ಲಿ ಬಿಸಿಯೂ ಜಾಸ್ತಿ, ಆಯಿಲ್ಲೂ ಕಡಿಮೆ. ಹಾಗಾಗಿ ಬೋರ್ ಗೇಜ್ ಇಟ್ಟು ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆಯಬೇಕು. ಪ್ರತಿ ಕಡೆಯೂ ಉದ್ದಕ್ಕೆ ಒಂದು ಸಲ, ಅಡ್ಡಕ್ಕೆ ಒಂದು ಸಲ. ನಮ್ಮದರಲ್ಲಿ ಮೂರನೇ ಸಿಲಿಂಡರ್ ಮೇಲ್ಭಾಗದಲ್ಲಿ ಉಗುರು ಎಳೆದರೆ ಮೆಟ್ಟಿಲು ಸಿಗುತ್ತಿತ್ತು. ಅಳತೆ ನೋಡುವ ಮೊದಲೇ ಗೊತ್ತಾಯಿತು. ಹೊಸ ಲೈನರ್, ಪಿಸ್ಟನ್, ರಿಂಗ್ ಪೂರ್ತಿ ಸೆಟ್ಟೇ ಹಾಕಿದೆವು. ಕ್ರ್ಯಾಂಕ್‌ನ ಜರ್ನಲ್‌ಗಳು, ಅಂದರೆ ಬೇರಿಂಗ್ ಕೂರುವ ದುಂಡು ಭಾಗಗಳು, ಓವಲ್ ಆಗಿದ್ದವು. ಗ್ರೈಂಡಿಂಗ್ ಮಾಡಿಸಿ ಅದಕ್ಕೆ ಸರಿಯಾದ ಅಂಡರ್‌ಸೈಜ್ ಶೆಲ್ ಹಾಕಿದ್ದಾಯಿತು.

ಲೇತ್ ಕೆಲಸಕ್ಕೆ ಹೋದ ಕಡೆ ಒಳ್ಳೆಯ ಹಿರಿಯರೊಬ್ಬರು ಸಿಕ್ಕಿದರು. ಹೆಡ್ (ಸಿಲಿಂಡರುಗಳ ಮೇಲಿನ ಮುಚ್ಚಳ) ಸರ್ಫೇಸ್ ಮಾಡುವ, ಅಂದರೆ ಅದರ ತಳ ಸಮ ಮಾಡುವ ಮುಂಚೆ ಸ್ಟ್ರೇಟ್ ಎಡ್ಜ್ ಇಟ್ಟು ನನಗೇ ತೋರಿಸಿ, "ನೋಡಿ ಅಣ್ಣಾ, ಇಲ್ಲಿ ಬೆಳಕು ಬರ್ತಿದೆ, ಇಷ್ಟು ತೆಗೆದರೆ ಸಾಕು" ಅಂದರು. ಬೇಕಾದ್ದಕ್ಕಿಂತ ಒಂದು ಕೂದಲೂ ಜಾಸ್ತಿ ತೆಗೆಯಲಿಲ್ಲ. ಇಂಥ ಕೆಲಸಗಾರರು ಸಿಕ್ಕರೆ ಚೌಕಾಸಿ ಮಾಡಬೇಡಿ.

ವಾಲ್ವ್ ಲ್ಯಾಪಿಂಗ್, ಅಂದರೆ ವಾಲ್ವ್ ತನ್ನ ಸೀಟಿನ ಮೇಲೆ ಸೋರದ ಹಾಗೆ ಕೂರಲು ಉಜ್ಜುವುದು, ಮನೆಯಲ್ಲೇ ಮಾಡಿದೆವು. ಗ್ರೈಂಡಿಂಗ್ ಪೇಸ್ಟ್ ಹಚ್ಚಿ ಉಜ್ಜುವ ಕೆಲಸ ನನ್ನ ಅಣ್ಣನ ಮಗನದು. ಪ್ರತಿ ವಾಲ್ವ್‌ಗೂ ಸುತ್ತ ಒಂದೇ ಅಗಲದ ಬೂದು ಪಟ್ಟಿ ಬರುವವರೆಗೆ ಬಿಡಲಿಲ್ಲ. ಆಮೇಲೆ ಹೆಡ್ ತಿರುಗಿಸಿ ಸೀಮೆಎಣ್ಣೆ ಹೊಯ್ದು ರಾತ್ರಿ ಪೂರ್ತಿ ಇಟ್ಟೆವು. ಬೆಳಿಗ್ಗೆ ಎಲ್ಲೂ ಒಸರಿರಲಿಲ್ಲ. ಆ ಹುಡುಗ ಬಿ.ಕಾಂ. ಓದಿದವನು. ಅವನ ಮುಖ ನೋಡಿ ನನಗೆ ಬಹಳ ಖುಷಿಯಾಯಿತು.

ಒಂದು ಕೆಲಸ ಮಾತ್ರ ಮನೆಯಲ್ಲಿ ಮುಟ್ಟಬೇಡಿ. ಅದು ಡೀಸೆಲ್ ಪಂಪು. ನಮ್ಮ ಗಾಡಿಯ ಕಾಲದ 407ರಲ್ಲಿ ಬರುವುದು ಮೈಕೋ ಇನ್‌ಲೈನ್ ಪಂಪ್. ಮೈಕೋ ನಮ್ಮದೇ ಬೆಂಗಳೂರಿನದು, 1951ರಲ್ಲಿ ಶುರುವಾದ ಕಂಪನಿ. ಅಡುಗೋಡಿಯ ಆ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು ನಮ್ಮ ಜಿಲ್ಲೆಯ ಕಡೆಯೂ ಇದ್ದಾರೆ. 2008ರಿಂದ ಅದರ ಹೆಸರು ಬಾಷ್ ಲಿಮಿಟೆಡ್. ಹಳಬರು ಈಗಲೂ ಮೈಕೋ ಅಂತಲೇ ಕರೆಯುತ್ತಾರೆ. ಪಂಪಿನ ಒಳಗೆ ಡೀಸೆಲ್ ಒತ್ತಿ ಕಳಿಸುವ ನಾಲ್ಕು ಎಲಿಮೆಂಟ್ ಇರುತ್ತವೆ. ನಾಲ್ಕೂ ಸಿಲಿಂಡರಿಗೆ ಒಂದೇ ಅಳತೆಯ ಡೀಸೆಲ್ ಹೋಗಬೇಕು. ಅದನ್ನು ಟೆಸ್ಟ್ ಬೆಂಚಿನ ಮೇಲೆ ಗಾಜಿನ ಕೊಳವೆಗಳಲ್ಲಿ ಡೀಸೆಲ್ ಹಿಡಿದು ನೋಡಿಯೇ ಸರಿ ಮಾಡಬೇಕು. ನಾವು ಪಂಪು, ನಾಝಲ್ ಎರಡನ್ನೂ ಪಂಪ್ ರೂಮಿಗೆ ಕೊಟ್ಟೆವು. ಒಂದು ನಾಝಲ್ ಸಿಂಪಡಿಸುವ ಬದಲು ತೊಟ್ಟಿಕ್ಕುತ್ತಿತ್ತು. ಅರ್ಧ ಹೊಗೆಗೆ ಅದೇ ಕಾರಣ.

ಎಂಜಿನ್ ಕೂರಿಸಿ, ಕೈ ಪಂಪು ಒತ್ತಿ ಡೀಸೆಲ್ ಲೈನಿನ ಗಾಳಿ ತೆಗೆದು, ಕಿತ್ತ ಇಂಜೆಕ್ಟರ್ ಪೈಪುಗಳನ್ನು ಒಂದೊಂದೇ ಬಿಗಿ ಮಾಡಿದೆವು. ಸ್ಟಾರ್ಟ್ ಆಯಿತು. ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಹೊಸ ರಿಂಗ್ ಹಾಕಿದ ಎಂಜಿನ್ನನ್ನು ಅಂಗಳದಲ್ಲಿ ಗಂಟೆಗಟ್ಟಲೆ ಐಡ್ಲಿಂಗ್‌ನಲ್ಲಿ ಬಿಟ್ಟು "ರನ್ನಿಂಗ್ ಇನ್" ಅನ್ನುವವರಿದ್ದಾರೆ. ಅದು ತಪ್ಪು. ಲೋಡ್ ಇಲ್ಲದೆ ಓಡಿದರೆ ಲೈನರ್ ಗೋಡೆ ಗಾಜಿನ ಹಾಗೆ ನುಣ್ಣಗಾಗುತ್ತೆ, ರಿಂಗ್ ಕೂರುವುದಿಲ್ಲ. ಆಮೇಲೆ ಜೀವಮಾನ ಪೂರ್ತಿ ಆಯಿಲ್ ಕುಡಿಯುತ್ತೆ. ಆಯಿಲ್ ಪ್ರೆಶರ್, ಸೋರಿಕೆ ನೋಡಿಕೊಂಡು ಬೇಗ ರಸ್ತೆಗೆ ಇಳಿಸಿ. ಅರ್ಧ ಲೋಡ್ ಹಾಕಿ. ಒಂದೇ ವೇಗದಲ್ಲಿ ಓಡಿಸಬೇಡಿ, ಏರಿಸಿ ಇಳಿಸಿ ಓಡಿಸಿ. 500 ಕಿ.ಮೀ.ಗೆ ಮೊದಲ ಆಯಿಲ್ ಬದಲಿಸಿ, ಫಿಲ್ಟರ್ ಕತ್ತರಿಸಿ ಒಳಗೆ ಏನಿದೆ ನೋಡಿ.

ಚಾಸಿ ನೆಟ್ಟಗಿತ್ತು ಅಂದೆನಲ್ಲ, ಆದರೆ ಹಿಂದಿನ ಸ್ಪ್ರಿಂಗ್ ಬ್ರಾಕೆಟ್ಟಿನ ಕೆಲವು ರಿವೆಟ್ ಸಡಿಲಾಗಿದ್ದವು. ರಿವೆಟ್ ಸುತ್ತ ಕೆಂಪು ತುಕ್ಕಿನ ಪುಡಿ ಇದ್ದರೆ ಅದು ಅಲ್ಲಾಡುತ್ತಿದೆ ಅಂತಲೇ ಅರ್ಥ. ಅಲ್ಲಿ ವೆಲ್ಡಿಂಗ್ ಮಾಡಿಬಿಡುವುದು ನಮ್ಮ ಕಡೆ ಮಾಮೂಲಿ. ಬೇಡ. ಚಾಸಿಯ ಮೇಲಂಚು ಕೆಳಂಚಿಗೇ ಭಾರವೆಲ್ಲ ಬೀಳುವುದು. ಅಲ್ಲಿ ವೆಲ್ಡಿಂಗ್ ಕಾವು ಕೊಟ್ಟರೆ ಆ ಬೆಸುಗೆಯ ಪಕ್ಕದಲ್ಲೇ ಮುಂದೆ ಬಿರುಕು ಬಿಡುತ್ತೆ. ನಾನು ರಿವೆಟ್ ಕೊರೆದು ತೆಗೆದು, ತೂತನ್ನು ರೀಮರ್ ಹಾಕಿ ನೀಟಾಗಿ ಮಾಡಿ, ಬಿಗಿಯಾಗಿ ಕೂರುವ ಹೈ ಟೆನ್ಸೈಲ್ ಬೋಲ್ಟ್ ಹಾಕಿದೆ. ಇಷ್ಟು ತೂಕ ಹೊತ್ತರೂ ಒಂದು ನಟ್ಟೂ ಸಡಿಲಾಗಿಲ್ಲ.

ಸ್ಟೀರಿಂಗ್ ಭಾರ ಅನ್ನುವುದು 407 ಬಗ್ಗೆ ಎಲ್ಲರ ದೂರು. ದೂರು ನಿಜ. ಆದರೆ ಅದರಲ್ಲಿ ದೊಡ್ಡ ಪಾಲು ಗಾಡಿಯದಲ್ಲ, ಗ್ರೀಸ್ ಕಾಣದ ಕಿಂಗ್ ಪಿನ್‌ದು, ಅಂದರೆ ಮುಂದಿನ ಚಕ್ರ ಎಡ ಬಲ ತಿರುಗುವ ಗೂಟದ್ದು. ನಮ್ಮದರಲ್ಲಿ ಎಡಗಡೆ ಪಿನ್ ಕಿತ್ತು ತೆಗೆಯಲು ಕಾಯಿಸಬೇಕಾಯಿತು. ಹೊಸ ಪಿನ್, ಬುಷ್, ಥ್ರಸ್ಟ್ ಬೇರಿಂಗ್ ಹಾಕಿ, ಬುಷ್ಷನ್ನು ರೀಮ್ ಮಾಡಿ, ಗ್ರೀಸ್ ಒಳಗೆ ಹೋಗುವ ತೂತು ಸರಿಯಾಗಿ ಕೂತಿದೆಯಾ ಅಂತ ನೋಡಿ ಕೂರಿಸಿದ ಮೇಲೆ ಅರ್ಧಕ್ಕರ್ಧ ಹಗುರಾಯಿತು. ನಿಂತಲ್ಲೇ ತಿರುಗಿಸುವಾಗ ಈಗಲೂ ಭುಜದ ಕೆಲಸವೇ.

ಬ್ರೇಕಿನ ವಿಷಯದಲ್ಲಿ ನಾನು ಯಾವ ರಾಜಿಯನ್ನೂ ಒಪ್ಪಲಿಲ್ಲ. ತೋತಾಪುರಿ ಚಿತ್ತೂರಿನ ಪಲ್ಪ್ ಫ್ಯಾಕ್ಟರಿ ಕಡೆ ಹೋಗುವಾಗ ಪಲಮನೇರು ದಾಟಿದ ಮೇಲೆ ಮೊಗಿಲಿ ಘಾಟಿ ಇಳಿಯಬೇಕು. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್, ಹೈಡ್ರಾಲಿಕ್, ಜೊತೆಗೆ ವ್ಯಾಕ್ಯೂಮ್ ಬೂಸ್ಟರ್. ಎಂಜಿನ್ ಆಫ್ ಆದರೆ ಬೂಸ್ಟರ್ ಸಹಾಯವೂ ಹೋಗುತ್ತೆ. ಅದಕ್ಕೇ ನ್ಯೂಟ್ರಲ್ ಮಾಡಿ ಎಂಜಿನ್ ಆಫ್ ಮಾಡಿ ಇಳಿಯುವ ಹಳೇ ಡ್ರೈವರುಗಳ ಚಟ ಪ್ರಾಣಕ್ಕೆ ಅಪಾಯ. ಮಾಸ್ಟರ್ ಸಿಲಿಂಡರ್, ವೀಲ್ ಸಿಲಿಂಡರ್, ಹೋಸ್ ಪೈಪು ಎಲ್ಲ ಹೊಸದು. ಬ್ರೇಕ್ ಲೈನರ್ ರಿವೆಟ್ ಮಾಡಿಸಿ, ಡ್ರಮ್ಮನ್ನು ಲೇತ್‌ನಲ್ಲಿ ಟರ್ನ್ ಮಾಡಿಸಿದ್ದು. ಬ್ರೇಕಿನ ರಬ್ಬರ್ ತೊಳೆಯುವುದಕ್ಕೆ ಪೆಟ್ರೋಲ್, ಡೀಸೆಲ್ ಮುಟ್ಟಿಸಲೇಬಾರದು, ಊದಿಕೊಳ್ಳುತ್ತೆ. ಬ್ರೇಕ್ ಆಯಿಲ್‌ನಲ್ಲೇ ತೊಳೆಯಿರಿ. ಈಗ ಲೋಡ್ ಜೊತೆ ಮೂರನೇ ಗೇರಿನಲ್ಲಿ ಘಾಟಿ ಇಳಿದರೆ ಪೆಡಲ್ ಗಟ್ಟಿಯಾಗಿಯೇ ನಿಲ್ಲುತ್ತೆ. ಆದರೂ ಇದು ಇವತ್ತಿನ ಗಾಡಿಯಷ್ಟು ಬೇಗ ನಿಲ್ಲಲ್ಲ. ಮುಂದಿನ ಗಾಡಿಗೆ ದೂರ ಜಾಸ್ತಿ ಬಿಡಲೇಬೇಕು.

ಕ್ಯಾಬಿನ್ ತುಕ್ಕಿನ ಬಗ್ಗೆ ಜಾಸ್ತಿ ಹೇಳಲ್ಲ. ಮ್ಯಾಟಿನ ಕೆಳಗೆ, ಮುಂಗಾಜಿನ ಕೆಳ ಅಂಚು, ಬಾಗಿಲ ತಳ, ಈ ಮೂರು ಕಡೆ ನೋಡಿ. ಕೊಳೆತ ತಗಡು ಕತ್ತರಿಸಿ ಹೊಸದು ಸಿಒ2 ವೆಲ್ಡಿಂಗ್ ಮಾಡಿಸಿ. ಮೇಲೆ ಪುಟ್ಟಿ ಬಳಿದು ಮುಚ್ಚಿದರೆ ಒಂದು ಮಳೆಗಾಲ ತಡೆಯಲ್ಲ.

ಇನ್ನು ಬದಲಾವಣೆ, ಅಂದರೆ ಮಾಡಿಫಿಕೇಶನ್. ನನ್ನ ಅಣ್ಣನ ಮಗನಿಗೆ ಟರ್ಬೋ ಎಂಜಿನ್ ಹಾಕುವ ಆಸೆ ಇತ್ತು. ನಾನು ಬೇಡ ಅಂದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟ ಮೂಲ ಸ್ಪೆಸಿಫಿಕೇಶನ್‌ಗಿಂತ ಬೇರೆಯಾಗುವಂಥ ಬದಲಾವಣೆ ಮಾಡುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿದಿದೆ. ಎಂಜಿನ್ ಬದಲಿಸಬೇಕಾದರೆ ಆರ್‌ಟಿಒ ಅನುಮತಿ ಬೇಕು, ಹೊಸ ಎಂಜಿನ್ ನಂಬರ್ ಆರ್‌ಸಿಗೆ ಏರಬೇಕು. ಅನುಮತಿ ಇಲ್ಲದೆ ಹಾಕಿ, ನಾಳೆ ಅಪಘಾತವಾಗಿ ಇನ್ಶೂರೆನ್ಸ್ ಕಂಪನಿ ಕೈ ಎತ್ತಿದರೆ ತೋಟ ಮಾರಬೇಕಾಗುತ್ತೆ. ಹಾಗಾಗಿ ನಾವು ಮಾಡಿದ್ದು ದಿನಾ ಉಪಯೋಗಕ್ಕೆ ಬರುವ ಸಣ್ಣ ಬದಲಾವಣೆಗಳು.

ಅದರಲ್ಲಿ ಮೊದಲನೆಯದು ಹೆಡ್‌ಲೈಟಿಗೆ ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟು ಹಾಯಿಸುವ ಸ್ವಿಚ್. ಹಳೇ ವೈರಿಂಗ್‌ನಲ್ಲಿ ಲೈಟಿನ ಕರೆಂಟೆಲ್ಲ ಡ್ಯಾಶ್‌ಬೋರ್ಡಿನ ಸ್ವಿಚ್ ಮೂಲಕವೇ ಸುತ್ತಿ ಬರುತ್ತೆ. ಅಷ್ಟರಲ್ಲಿ ಬಲ್ಬಿಗೆ ತಲುಪುವ ವೋಲ್ಟೇಜ್ ಇಳಿದಿರುತ್ತೆ. ಬ್ಯಾಟರಿಯಿಂದ ನೇರ ದಪ್ಪ ವೈರ್ ಎಳೆದು, ಫ್ಯೂಸ್ ಮತ್ತು ರಿಲೇ ಹಾಕಿದರೆ ಅದೇ ಬಲ್ಬು ಎಷ್ಟೋ ಚೆನ್ನಾಗಿ ಉರಿಯುತ್ತೆ. ಕಣ್ಣು ಕುಕ್ಕುವ ಬಿಳಿ ಎಲ್ಇಡಿ ಹಾಕುವ ಅಗತ್ಯವೇ ಇಲ್ಲ. ಕಡಿಮೆ ಖರ್ಚಿನಲ್ಲಿ ಇಷ್ಟು ಲಾಭ ಕೊಟ್ಟ ಕೆಲಸ ಇನ್ನೊಂದಿಲ್ಲ.

ಡೀಸೆಲ್ ಲೈನಿಗೆ ನೀರು ಬೇರ್ಪಡಿಸುವ ಫಿಲ್ಟರ್ ಒಂದು ಸೇರಿಸಿದೆವು. ಅಷ್ಟು ಖರ್ಚು ಮಾಡಿ ಕ್ಯಾಲಿಬ್ರೇಶನ್ ಮಾಡಿಸಿದ ಪಂಪಿಗೆ ನೀರು ಹೋದರೆ ಎಲಿಮೆಂಟ್ ಹಾಳು. ಸೀಟು ಬದಲಿಸಿ, ಅಡಿಯಲ್ಲಿ ದಪ್ಪ ಪ್ಲೇಟ್ ಕೊಟ್ಟು ಸೀಟ್ ಬೆಲ್ಟ್ ಹಾಕಿದೆವು. ಎಂಜಿನ್ ಅರ್ಧ ಕ್ಯಾಬಿನ್ ಒಳಗೇ ಇರುವುದರಿಂದ ಅದರ ಮುಚ್ಚಳದ ಒಳಗಡೆ ಶಾಖ ತಡೆಯುವ ಶೀಟ್ ಅಂಟಿಸಿ, ಸುತ್ತ ರಬ್ಬರ್ ಬೀಡಿಂಗ್ ಕೊಟ್ಟೆವು. ಕಾಲಿಗೆ ಹೊಡೆಯುವ ಬಿಸಿ ಕಡಿಮೆಯಾಯಿತು. ಶಬ್ದ ಇದೆ. ಪಕ್ಕದಲ್ಲಿ ಕೂತವರ ಹತ್ತಿರ ಮಾತಾಡಬೇಕಾದರೆ ಗಂಟಲು ಏರಿಸಲೇಬೇಕು.

ಹಿಂದಿನ ಬಾಡಿಯ ನೆಲಕ್ಕೆ ಎಲ್ಲರೂ ಚೆಕರ್ಡ್ ಪ್ಲೇಟ್ ಹಾಕಿ ಅಂದರು. ನಾನು ಜಾಲಿ ಮರದ ಹಲಗೆಯನ್ನೇ ಹಾಕಿಸಿದೆ. ಬೇಸಿಗೆಯಲ್ಲಿ ಕಬ್ಬಿಣದ ನೆಲ ಕಾದು ಕೆಳಗಿನ ಸಾಲಿನ ಬಾದಾಮಿ, ರಸಪುರಿ ಹಣ್ಣು ಬೇಯುತ್ತೆ. ಟೊಮೆಟೊ ಬಾಕ್ಸುಗಳೂ ಮರದ ಮೇಲೆ ಜಾರಲ್ಲ. ಕೋಲಾರ ಎಪಿಎಂಸಿಗೆ 15 ಕಿಲೋ ಬಾಕ್ಸು ಎತ್ತರಕ್ಕೆ ಜೋಡಿಸಿ ಹೋಗುವವರಿಗೆ ಇದರ ಬೆಲೆ ಗೊತ್ತು. ಪಕ್ಕದ ಬಾಗಿಲುಗಳನ್ನು ಮೂರು ತುಂಡು ಮಾಡಿಸಿದ್ದರಿಂದ ಒಬ್ಬನೇ ಇದ್ದರೂ ಬಿಚ್ಚಬಹುದು. ಬಾಡಿಯ ಉದ್ದ, ಅಗಲ, ಎತ್ತರ ಆರ್‌ಸಿಯಲ್ಲಿ ಇದ್ದಷ್ಟೇ ಇಟ್ಟಿದ್ದೇವೆ. ರಿಫ್ಲೆಕ್ಟರ್ ಟೇಪು ಮುಂದೆ ಬಿಳಿ, ಹಿಂದೆ ಕೆಂಪು, ಪಕ್ಕಕ್ಕೆ ಹಳದಿ. ಎಫ್‌ಸಿಗೆ (ಫಿಟ್‌ನೆಸ್ ಸರ್ಟಿಫಿಕೇಟಿಗೆ) ಹೋದಾಗ ಇದನ್ನು ಮೊದಲು ನೋಡುತ್ತಾರೆ.

ಎಫ್‌ಸಿ ಅಂದಾಗ ಖರ್ಚಿನ ಮಾತು. 15 ವರ್ಷ ದಾಟಿದ ಗಾಡಿಗಳ ಫಿಟ್‌ನೆಸ್ ಶುಲ್ಕ 2022ರ ಏಪ್ರಿಲ್‌ನಿಂದ ಬಹಳ ಏರಿದೆ. ಪ್ರತಿ ವರ್ಷ ಮಾಡಿಸಬೇಕು. ಗಾಡಿ ಕೊಳ್ಳುವ ಮುಂಚೆ ಇದನ್ನೂ, ಇನ್ಶೂರೆನ್ಸನ್ನೂ ಲೆಕ್ಕಕ್ಕೆ ಹಿಡಿಯಿರಿ. ನಮ್ಮ ಒಟ್ಟು ಖರ್ಚಿನಲ್ಲಿ ಅರ್ಧಕ್ಕೂ ಜಾಸ್ತಿ ಎಂಜಿನ್, ಪಂಪಿಗೆ ಹೋಯಿತು. ಕೂಲಿ ನಮ್ಮದೇ ಆದ್ದರಿಂದ ಉಳಿಯಿತು. ಎಲ್ಲವನ್ನೂ ಗ್ಯಾರೇಜಿಗೆ ಕೊಟ್ಟಿದ್ದರೆ ಈ ಗಾಡಿಗೆ ಅಷ್ಟು ಸುರಿಯುವುದು ಸರಿಯಲ್ಲ ಅಂತ ನಾನೇ ಹೇಳುತ್ತಿದ್ದೆ. ದಿನಾ ಚೆನ್ನೈಗೆ ಹೋಗಿ ಬರುವವರು ಇದನ್ನು ಕಟ್ಟಬೇಡಿ, ಹೊಸದು ತಗೊಳ್ಳಿ. ಸೀಸನ್‌ನಲ್ಲಿ ಮಂಡಿಗೆ ಹೋಗುವ, ಗೊಬ್ಬರ ತರುವ, ಐವತ್ತು ನೂರು ಕಿ.ಮೀ. ಓಡುವ ರೈತರಿಗೆ ಇದು ಸರಿ. ಲೋಡ್ ಜೊತೆ ಲೀಟರಿಗೆ ಒಂಬತ್ತು ಕಿ.ಮೀ. ಆಸುಪಾಸು ಕೊಡುತ್ತಿದೆ. ಆಯಿಲ್ ಮಟ್ಟ ಬದಲಿಸುವ ದಿನದವರೆಗೂ ಇಳಿಯಲ್ಲ.

ಇನ್ನೊಂದು ಅನುಕೂಲ ಇದೆ. ಒಟ್ಟು ತೂಕ 7,500 ಕಿಲೋ ಮೀರದ ಗೂಡ್ಸ್ ಗಾಡಿಯನ್ನು ಎಲ್ಎಂವಿ (ಲಘು ಮೋಟಾರು ವಾಹನ) ಲೈಸೆನ್ಸ್ ಇದ್ದವರು ಓಡಿಸಬಹುದು ಅಂತ 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ. 407 ಅದರೊಳಗೇ ಬರುತ್ತೆ. ನಮ್ಮ ಹುಡುಗ ಕಾರಿನ ಲೈಸೆನ್ಸಿನಲ್ಲೇ ಓಡಿಸುತ್ತಾನೆ.

ಹಳೇ 407 ನೋಡಲು ಹೋಗುವವರು ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಹೋಗಿ. ಮಾರುವವರು ಮೊದಲೇ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬರುತ್ತೇನೆ ಅನ್ನಿ. ಸ್ಟಾರ್ಟ್ ಮಾಡಿ ಆಯಿಲ್ ಹಾಕುವ ಮುಚ್ಚಳ ತೆಗೆಯಿರಿ. ಹೊಗೆ ಬುಸುಬುಸು ಬಂದರೆ ರಿಂಗ್ ಹೋಗಿದೆ, ಅದರ ಖರ್ಚು ಕಳೆದು ರೇಟು ಮಾತಾಡಿ. ಮುಂದಿನ ಚಕ್ರ ಜಾಕ್ ಹಾಕಿ ಎತ್ತಿಸಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಚಾಸಿ ನಂಬರನ್ನು ಚಾಸಿಯ ಮೇಲೇ ಓದಿ, ತುಕ್ಕು ಕೆರೆದಾದರೂ ಸರಿ, ಆರ್‌ಸಿ ಜೊತೆ ತಾಳೆ ನೋಡಿ. ಎಂಜಿನ್ ನಂಬರೂ ಹಾಗೇ. ಯಾವುದೋ ಕಾಲದಲ್ಲಿ ಬ್ಲಾಕ್ ಬದಲಿಸಿ ಆರ್‌ಸಿಗೆ ಏರಿಸದೆ ಬಿಟ್ಟ ಗಾಡಿಗಳು ಬೇಕಾದಷ್ಟಿವೆ. ಅಂಥದ್ದು ಎಷ್ಟೇ ಅಗ್ಗಕ್ಕೆ ಸಿಕ್ಕರೂ ಮುಟ್ಟಬೇಡಿ. ನಂಬರು ಸರಿಯಿದ್ದು, ಚಾಸಿ ನೆಟ್ಟಗಿದ್ದರೆ ಕ್ಯಾಬಿನ್ ಎಷ್ಟು ಕೊಳೆತಿದ್ದರೂ ಹೆದರಬೇಡಿ, ತಗೊಳ್ಳಿ.